ಚಕ್ರದ ಮೇಲಿನ ಏಳನೇ ಬಟ್ಟೆ

ನನ್ನ ಷಡ್ಡಕನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗಲಿಲ್ಲ. ಎಲ್ಲರ ಬಾಯಲ್ಲೂ ಅವನು ಚಕ್ರದಣ್ಣ. ಜಲಾಶಯದ ಒಡ್ಡಿನ ಕೆಳಗೆ ದೊಡ್ಡ ಕಾಲುವೆ ಶುರುವಾಗುವ ಕಡೆ ಕಬ್ಬಿಣದ ಗೇಟೊಂದಿದೆ. ಅದನ್ನು ಎತ್ತಿ ಇಳಿಸುವ ಚಕ್ರವನ್ನು ಮೂವತ್ತೊಂದು ವರ್ಷ ತಿರುಗಿಸಿದವನು ಅವನು. ವಯಸ್ಸಿನಲ್ಲಿ ನನಗಿಂತ ಮೂರು ತಿಂಗಳು ಚಿಕ್ಕವನು. ಆದರೆ ಅವನು ಕಟ್ಟಿಕೊಂಡದ್ದು ಅಕ್ಕನನ್ನು, ನಾನು ಕಟ್ಟಿಕೊಂಡದ್ದು ತಂಗಿಯನ್ನು. ಹಾಗಾಗಿ ಜೀವಮಾನವೆಲ್ಲ ನಾನು ಅವನಿಗೆ ಅಣ್ಣ ಎನ್ನಬೇಕಾಯಿತು, ಅವನು ನನ್ನನ್ನು ತಮ್ಮ ಎಂದು ಕರೆಯುವಾಗಲೆಲ್ಲ ಮೀಸೆಯಡಿ ನಗುತ್ತಿದ್ದ.

ನಾನು ಗಾರೆ ಕೆಲಸದವನು. ಕಾಲುವೆ ಬಿರುಕು ಬಿಟ್ಟಲ್ಲಿ ಮೆತ್ತುವುದು ನನ್ನ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ, ಉಳಿದದ್ದನ್ನು ಕರಣೆ ಕಲಿಸಿತು. ಗೋಡೆ ತಟ್ಟಿದರೆ ಒಳಗೆ ಟೊಳ್ಳೋ ಗಟ್ಟಿಯೋ ಕಿವಿಗೇ ತಿಳಿಯುತ್ತದೆ. ಮನುಷ್ಯರ ವಿಷಯದಲ್ಲೂ ಆ ಕಿವಿ ನನಗೆ ಅಷ್ಟಾಗಿ ಸುಳ್ಳು ಹೇಳಿಲ್ಲ. ಚಕ್ರದಣ್ಣ ಗಟ್ಟಿ ಗೋಡೆ. ಆದರೆ ಆ ಗೋಡೆಯ ನಡುವೆ ಭಯದ ಒಂದು ಗೂಡಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದವನಿಗೆ ನೀರೆಂದರೆ ಆಗದು. ಕಾಲುವೆಯಲ್ಲಿ ಎಂದೂ ಈಜಿದವನಲ್ಲ. ಊಟಕ್ಕೆ ಕೂತರೆ ಲೋಟವನ್ನು ದಿಟ್ಟಿಸಿ ನೋಡಿಯೇ ಎತ್ತುವನು.

“ಏನಣ್ಣ, ಲೋಟದಲ್ಲೂ ಯಾರಾದ್ರೂ ಇಳಿದಿದ್ದಾರಾ ಅಂತ ನೋಡ್ತೀಯಾ?” ಎಂದು ನಾನು ಕೆಣಕಿದರೆ, “ನೋಡದೆ ನೀರು ಬಿಟ್ಟೋನ ಮಗ ಕಣಯ್ಯ ನಾನು” ಎನ್ನುವನು. ಅಲ್ಲಿಗೆ ನಗು ನಿಂತುಹೋಗುತ್ತಿತ್ತು.

ಅವನ ಅಪ್ಪನೂ ಅದೇ ಗೇಟಿನಲ್ಲಿದ್ದವರು. ಒಂದು ಮಧ್ಯಾಹ್ನ ಮೇಲಿನವರು ಹೇಳಿದರೆಂದು ಚಕ್ರ ತಿರುಗಿಸಿದರು. ಹೂಳು ತೆಗೆಯಲು ಬಂದವನೊಬ್ಬ ಕಾಲುವೆಯೊಳಗೆ ಸೇತುವೆಯ ನೆರಳಿನಲ್ಲಿ ಮಲಗಿ ನಿದ್ದೆ ಹೋಗಿದ್ದ. ಅವನು ಸಿಕ್ಕಿದ್ದು ಮೂರನೇ ತಿರುವಿನಲ್ಲಿ. ಅಂದಿನಿಂದ ಅಪ್ಪ ಒಂದು ಕಟ್ಟಳೆ ಹಾಕಿದರು. ಕಾಲುವೆಗೆ ಇಳಿಯುವವರು ಯಾರೇ ಇರಲಿ, ತಮ್ಮ ಮೈಮೇಲಿನ ಬಟ್ಟೆಯ ಒಂದು ಚೂರನ್ನು ಹರಿದು ಚಕ್ರಕ್ಕೆ ಕಟ್ಟಿ ಇಳಿಯಬೇಕು. ಮೇಲೆ ಬಂದ ಮೇಲೆ ತಾವೇ ಬಿಚ್ಚಬೇಕು. ಕಟ್ಟಿದವರೇ ಬಿಚ್ಚಬೇಕು; ಗಂಡನದನ್ನು ಹೆಂಡತಿ ಬಿಚ್ಚುವಂತಿಲ್ಲ, ಮಗನದನ್ನು ಅಪ್ಪ ಬಿಚ್ಚುವಂತಿಲ್ಲ. ಚಕ್ರದ ಮೇಲೆ ಒಂದು ಬಟ್ಟೆ ಇದ್ದರೂ ಯಾವ ದೊರೆ ಬಂದು ಹೇಳಿದರೂ ಚಕ್ರ ಅಲುಗಬಾರದು. ಮುದುಕರು ಸಾಯುವಾಗ ಮಗನ ಕೈ ಹಿಡಿದು ಆಡಿದ್ದು ಒಂದೇ ಮಾತಂತೆ: “ಎಣಿಸು.”

ಅವನು ಎಣಿಸಿದ. ಇಳಿಯುವಾಗ ಎಣಿಸಿದ, ಹತ್ತುವಾಗ ಎಣಿಸಿದ. ಸಂಜೆ ಬಟ್ಟೆಗಳೆಲ್ಲ ಹೋಗಿ ಚಕ್ರ ಬರಿದಾದ ಮೇಲೂ ಒಮ್ಮೆ ಅದರ ಸುತ್ತ ಕೈಯಾಡಿಸಿ ನೋಡುತ್ತಿದ್ದ. ಮೂವತ್ತು ವರ್ಷದಲ್ಲಿ ಬಟ್ಟೆ ಇದ್ದ ಚಕ್ರ ಕೂದಲೆಳೆಯಷ್ಟೂ ತಿರುಗಲಿಲ್ಲ. ಅದಕ್ಕೇ ನಾವು ದಂಡೆಯ ಮೇಲೆ ಒಬ್ಬರನ್ನು ಕಾವಲಿಡುವುದನ್ನು ಬಿಟ್ಟುಬಿಟ್ಟೆವು. ಬಟ್ಟೆ ಕಟ್ಟಿದ ಮೇಲೆ ಇನ್ನೇನು ಭಯ, ಒಡ್ಡು ಒಡೆದರೂ ಚಕ್ರದಣ್ಣನ ಚಕ್ರ ತಿರುಗದು ಎಂದು ಒಳಗೇ ಕೂತು ಊಟ ಮಾಡಿ ಒಂದು ಕೋಳಿನಿದ್ದೆಯನ್ನೂ ತೆಗೆಯುತ್ತಿದ್ದೆವು.

ಆಮೇಲೆ ಪೆಟ್ಟಿಗೆ ಬಂತು.

ಮೊದಲು ಗೇಟಿಗೆ ಮೋಟಾರು ಹಾಕಿದರು, ಹಳೆಯ ಚಕ್ರದ ದಂಡಕ್ಕೇ ಸರಪಳಿ ಜೋಡಿಸಿ. ಪಕ್ಕದ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡ ಪ್ಯಾನೆಲ್ ನಿಲ್ಲಿಸಿದರು. ಅದರೊಳಗೆ ಊಟದ ಡಬ್ಬಿಯಷ್ಟು ಗಾತ್ರದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಬಸವನಹುಳುವಿನ ಕೊಂಬಿನಂತೆ ಎರಡು ಆಂಟೆನಾ, ಹೊಟ್ಟೆಯೊಳಗೆ ಒಂದು ಸಿಮ್ಮು, ಮುಖದ ಮೇಲೆ ನಾಲ್ಕು ದೀಪ. ಹಾಕಲು ಬಂದವಳು ಎಂಜಿನಿಯರಮ್ಮ. ಚಿಕ್ಕ ವಯಸ್ಸಿನವಳು, ಆದರೆ ಕೈಗೆ ಗ್ರೀಸು ಮೆತ್ತಿಕೊಳ್ಳಲು ಹಿಂಜರಿಯದವಳು. ಆ ಒಂದಕ್ಕೇ ನನಗೆ ಅವಳ ಮೇಲೆ ಗೌರವ ಬಂತು.

“ಇದಕ್ಕೆ ರೂಟರ್ ಅಂತಾರೆ ಅಣ್ಣ” ಎಂದಳು. “ನಿಮ್ಮ ಫೋನಿನ ಹಾಗೇ. ಆದ್ರೆ ಇದರಲ್ಲಿ ಮಾತಾಡೋದು ಮನುಷ್ಯರಲ್ಲ, ಯಂತ್ರಗಳು. ನೀರಿನ ಮಟ್ಟ ಎಷ್ಟಿದೆ, ಗೇಟು ಎಷ್ಟು ಎದ್ದಿದೆ ಅಂತ ಟವರ್ ಮೂಲಕ ಆಫೀಸಿಗೆ ಹೇಳುತ್ತೆ. ಆಫೀಸಿನವರು ಕೂತಲ್ಲೇ ಗುಂಡಿ ಒತ್ತಿದ್ರೆ ಆ ಆಜ್ಞೆ ತಂದು ಮೋಟಾರಿಗೆ ಕೊಡುತ್ತೆ. ಮನೆಯಲ್ಲಿಡೋ ಡಬ್ಬದಂಥದ್ದಲ್ಲ. ಬಿಸಿಲು, ಧೂಳು, ಅದುರಾಟ, ಯಾವುದಕ್ಕೂ ಜಗ್ಗಲ್ಲ.”

ಚಕ್ರದಣ್ಣ ಪೆಟ್ಟಿಗೆಯನ್ನು ಸುತ್ತ ನೋಡಿದ. “ಆಫೀಸು ಎಷ್ಟು ದೂರ ತಾಯಿ?”

“ಎರಡು ಗಂಟೆ ದಾರಿ.”

“ಅಲ್ಲಿಂದ ಒತ್ತಿದ್ರೆ ನನ್ನ ಚಕ್ರ ತಿರುಗುತ್ತೆ.”

“ಹೌದು.”

“ಚಕ್ರಕ್ಕೆ ಬಟ್ಟೆ ಕಟ್ಟಿದ್ರೆ ಅಲ್ಲಿಗೆ ಕಾಣುತ್ತಾ?”

ಅವಳು ನಕ್ಕಳು. ಅವನು ನಗಲಿಲ್ಲ ಎಂದು ಕಂಡಾಗ ಅವಳ ನಗು ಅರ್ಧಕ್ಕೇ ನಿಂತಿತು. ಕಟ್ಟಳೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು. ಕೇಳಿ, ಪ್ಯಾನೆಲಿನ ಮೇಲೆ ಕೀಲಿ ಹಾಕಿ ತಿರುಗಿಸುವ ಒಂದು ಸ್ವಿಚ್ಚನ್ನು ತೋರಿಸಿದಳು. ಅದಕ್ಕೆ ಎರಡು ಮಗ್ಗುಲು, ‘ಇಲ್ಲಿ’ ಮತ್ತು ‘ದೂರ’. “ಜನ ಇಳಿಯೋ ಮುಂಚೆ ಇದನ್ನ ‘ಇಲ್ಲಿ’ಗೆ ತಿರುಗಿಸಿ ಕೀಲಿ ಜೇಬಿಗೆ ಹಾಕ್ಕೊಳ್ಳಿ. ಆಮೇಲೆ ಆಫೀಸಿನವರು ತಲೆಕೆಳಗಾಗಿ ನಿಂತ್ರೂ ಗೇಟು ಏಳಲ್ಲ.”

“ಅಂದ್ರೆ ಇದಕ್ಕೆ ಬಾಯಿ ಇದೆ, ಕಿವಿ ಇದೆ, ಕಣ್ಣಿಲ್ಲ” ಎಂದು ಚಕ್ರದಣ್ಣ ತನಗೆ ತಾನೇ ಹೇಳಿಕೊಂಡ.

ಅಂದಿನಿಂದ ಅವನಿಗೆ ನಿದ್ದೆ ಕಡಿಮೆಯಾಯಿತು. ದಿನವೂ ಪೆಟ್ಟಿಗೆಯ ಧೂಳನ್ನು ಒರೆಸುವನು, ಒರೆಸುವಾಗ ಮಲಗಿರುವ ನಾಯಿಯನ್ನು ದಾಟುವವನಂತೆ ಕೈ ಹಿಡಿತದಲ್ಲಿಟ್ಟಿರುವನು. ಗೇಟು ತಾನಾಗಿ ಏಳುವ ದಿನಗಳಲ್ಲಿ ಕೋಣೆಯಿಂದ ಹೊರಗೆ ಓಡಿಬಂದು ನಿಲ್ಲುವನು. ಯಾರೂ ಮುಟ್ಟದೆ ಚಕ್ರ ತಿರುಗುವುದನ್ನು ನೋಡಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ಮಸಣದಲ್ಲಿ ತೊಟ್ಟಿಲು ತೂಗಿದಂತೆ.

ಎರಡು ವರ್ಷ ಏನೂ ಆಗಲಿಲ್ಲ.

ಕಾಲುವೆ ಗೇಟಿನಿಂದ ಅರ್ಧ ಮೈಲಿ ಹರಿದ ಮೇಲೆ ಒಂದು ಹಳ್ಳ ಅಡ್ಡ ಬರುತ್ತದೆ. ಅಲ್ಲಿ ಕಾಲುವೆ ನೆಲದೊಳಗೆ ಧುಮುಕಿ, ಹಳ್ಳದ ಅಡಿಯಲ್ಲಿ ನೂರು ಹೆಜ್ಜೆ ಹೋಗಿ, ಆ ಕಡೆ ಮತ್ತೆ ಮೇಲೇಳುತ್ತದೆ. ನಾವು ಅದನ್ನು ಗವಿ ಎನ್ನುತ್ತೇವೆ. ಈ ಕಡೆಯ ಬಾಯಿ ಇಳಿಜಾರು, ಆ ಕಡೆಯದು ನೆಟ್ಟಗೆ, ಹತ್ತಲು ಗೋಡೆಗೆ ಕಬ್ಬಿಣದ ಮೆಟ್ಟಿಲು. ನಡುವೆ ಬಾಣಲೆಯ ತಳದಂತೆ ತಗ್ಗು. ಕಾಲುವೆಗೆ ಒಂದು ಚೊಂಬು ನೀರು ಬಂದರೂ ಅದು ಹೋಗಿ ನಿಲ್ಲುವುದು ಆ ತಗ್ಗಿನಲ್ಲೇ.

ವರ್ಷಕ್ಕೊಮ್ಮೆ ಕಾಲುವೆ ಒಣಗಿಸಿದಾಗ ಗವಿಯ ಹೂಳು ತೆಗೆಯಬೇಕು, ಬಿರುಕು ಮೆತ್ತಬೇಕು. ಆ ವರ್ಷ ಇಳಿದವರು ಏಳು ಜನ. ಹೂಳಿನ ಗುಂಪಿನ ಐವರು, ಗಾರೆಗೆ ನಾನು, ಮತ್ತೆ ಚಕ್ರದಣ್ಣನ ಹೆಂಡತಿ, ನನ್ನ ಅತ್ತಿಗೆ. ಅತ್ತಿಗೆ ಹೂಳು ಹೊರುವ ಕೆಲಸಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿದ್ದವರು. ಗುಂಪಿನಲ್ಲಿ ತಾಳೆ ಮರದುದ್ದ ಒಬ್ಬನಿದ್ದ, ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು.

ಬೆಳಿಗ್ಗೆ ಬಟ್ಟೆ ಕಟ್ಟುವಾಗ ಏಣಿ ತನ್ನ ಅಂಗಿಯ ತುದಿ ಹರಿಯುತ್ತ, “ಅತ್ತೆ, ಪ್ರತಿ ವರ್ಷ ಹೀಗೇ ಹರಿದ್ರೆ ನನ್ನ ಅಂಗಿ ಹೊಕ್ಕುಳಿಗೆ ಬರುತ್ತೆ” ಎಂದ.

“ನಿನ್ನ ಉದ್ದಕ್ಕೆ ಯಾವ ಅಂಗಿ ಹೊಕ್ಕುಳು ದಾಟಿದೆಯೋ?” ಎಂದು ಅತ್ತಿಗೆ ತಮ್ಮ ನೀಲಿ ತಲೆವಸ್ತ್ರದ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದರು. ಅದನ್ನು ಚಕ್ರದ ಮೇಲಿನ ಕಡ್ಡಿಗೆ ಎರಡು ಗಂಟು ಹಾಕಿ ಕಟ್ಟಿದರು. ಒಂದು ಗಂಟು ಸಾಕೆಂದರೆ ಕೇಳುವವರಲ್ಲ. “ನನ್ನ ಗಂಡ ಎಣಿಸ್ತಾ ಕೂತಿರ್ತಾರೆ. ಗಾಳಿಗೆ ಬಿಚ್ಚಿಹೋದ್ರೆ ಪಾಪ ಅವರಿಗೆ ಲೆಕ್ಕ ತಪ್ಪುತ್ತೆ.”

ಚಕ್ರದಣ್ಣ ಏಳು ಎಣಿಸಿದ. ಕೀಲಿಯನ್ನು ‘ಇಲ್ಲಿ’ಗೆ ತಿರುಗಿಸಿ ಜೇಬಿಗೆ ಹಾಕಿಕೊಂಡ. ನಾವು ಊಟದ ಚೀಲ, ಫೋನು ಎಲ್ಲವನ್ನೂ ಗವಿಯ ಬಾಯಿಯ ಹತ್ತಿರ ದಂಡೆಯ ಮೇಲಿಟ್ಟು ಇಳಿದೆವು. ಒಳಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ.

ಇನ್ನು ಮುಂದಿನದನ್ನು ಅವನು ನನಗೆ ಹೇಳಿದ್ದು. ಎಷ್ಟೋ ಸಲ ಹೇಳಿದ್ದಾನೆ, ಒಂದು ಮಾತೂ ಆಚೀಚೆಯಾಗಿಲ್ಲ.

ಹನ್ನೊಂದು ಗಂಟೆಗೆ ಆಫೀಸಿನಿಂದ ಫೋನು ಬಂತು. “ಯಜಮಾನರೇ, ನಿಮ್ಮ ರೂಟರ್ ಬೆಳಿಗ್ಗೆಯಿಂದ ಮಲಗಿಬಿಟ್ಟಿದೆ. ಅಳತೆ ಏನೂ ಬರ್ತಿಲ್ಲ. ಒಂದು ಸಲ ಅದರ ಸ್ವಿಚ್ ಆರಿಸಿ, ಹತ್ತು ಎಣಿಸಿ, ಹಾಕಿ.”

ಎಣಿಸುವುದೆಂದರೆ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆರಿಸಿದ, ಹತ್ತು ಎಣಿಸಿದ, ಹಾಕಿದ. ದೀಪಗಳು ಒಂದೊಂದಾಗಿ ಹತ್ತಿಕೊಂಡವು.

“ಬಂತು ಬಂತು. ಮಟ್ಟ ಬರ್ತಿದೆ. ಆದ್ರೆ ಇಲ್ಲಿ ಪರದೆ ಮೇಲೆ ಗೇಟಿನ ಸಾಲು ಇನ್ನೂ ಕೆಂಪಿದೆ. ಕೀಲಿ ಎರಡು ನಿಮಿಷ ‘ದೂರ’ಕ್ಕೆ ಹಾಕಿ, ಹಸಿರಾಗುತ್ತಾ ನೋಡ್ತೀನಿ.”

“ಜನ ಕೆಳಗಿದ್ದಾರೆ.”

“ಗೇಟು ಯಾರೂ ಮುಟ್ಟಲ್ಲ ಯಜಮಾನರೇ. ದೀಪ ನೋಡೋದಷ್ಟೇ.”

ಚಕ್ರದಣ್ಣ ಕಿಟಕಿಯಿಂದ ನೋಡಿದ. ಬಿಸಿಲಿನಲ್ಲಿ ಚಕ್ರ ನಿಂತಿತ್ತು, ಅದರ ಮೇಲೆ ಏಳು ಬಟ್ಟೆ. ಮೂವತ್ತು ವರ್ಷ ಆ ಬಟ್ಟೆಗಳನ್ನು ಮೀರಿ ಯಾರೂ ಚಕ್ರ ತಿರುಗಿಸಿದ್ದಿಲ್ಲ. ಬಟ್ಟೆ ಇದೆಯಲ್ಲ, ಇನ್ನೇನು ಎಂದುಕೊಂಡ. ಕಣ್ಣಿಲ್ಲದ ಪೆಟ್ಟಿಗೆ ಎಂದು ಮೊದಲು ಹೇಳಿದವನೇ ಆ ಪೆಟ್ಟಿಗೆ ಬಟ್ಟೆ ನೋಡುತ್ತದೆ ಎಂದು ನಂಬಿದ. ಜೇಬಿನಿಂದ ಕೀಲಿ ತೆಗೆದ, ‘ದೂರ’ಕ್ಕೆ ತಿರುಗಿಸಿದ.

“ಹಸಿರಾಯ್ತು” ಎಂದಿತು ಫೋನು.

ಮೋಟಾರು ಗುರ್ ಎಂದಿತು.

ಕಿಟಕಿಯಾಚೆ ಏಳು ಬಟ್ಟೆಗಳು ನಿಧಾನವಾಗಿ ಮೇಲಕ್ಕೆ ಹೋದವು, ತುದಿ ದಾಟಿ ಕೆಳಗೆ ಬಂದವು, ಮತ್ತೆ ಮೇಲಕ್ಕೆ ಹೋದವು. ಯಾರೂ ಮುಟ್ಟಿರಲಿಲ್ಲ. ನೀಲಿ ಬಟ್ಟೆ ಪ್ರತಿ ಸುತ್ತಿಗೂ ಒಮ್ಮೆ ಅವನ ಕಡೆ ಬೀಸಿ ಹೋಗುತ್ತಿತ್ತು. ಅವನು ನಿಂತಲ್ಲೇ ನಿಂತ. ಎಷ್ಟು ಹೊತ್ತು ಹಾಗೆ ನಿಂತಿದ್ದ ಎಂಬುದು ಅವನಿಗೆ ತಿಳಿಯದು, ಆದರೆ ಸುತ್ತು ಮಾತ್ರ ತಿಳಿದಿತ್ತು. ಮೈ ಕಲ್ಲಾದರೂ ತಲೆ ಎಣಿಸುತ್ತಲೇ ಇತ್ತು. ಒಂಬತ್ತು.

ಒಂಬತ್ತನೇ ಸುತ್ತಿಗೆ ಅವನ ಕೈಗೆ ಜೀವ ಬಂತು. ಕೀಲಿಯನ್ನು ನೆನೆಯಲಿಲ್ಲ, ಗುಂಡಿಗಳನ್ನು ನೆನೆಯಲಿಲ್ಲ. ಆ ಪೆಟ್ಟಿಗೆಗೆ ಸೇರಿದ ಯಾವುದನ್ನೂ ಆಗ ಅವನು ನಂಬುವಂತಿರಲಿಲ್ಲ. ಗೋಡೆಯ ಮೇಲಿನ ದೊಡ್ಡ ಬ್ರೇಕರನ್ನೇ ಹೊಡೆದು ಇಳಿಸಿದ. ಎಲ್ಲ ಸತ್ತಿತು, ಪೆಟ್ಟಿಗೆಯೂ ಮೋಟಾರೂ. ಆದರೆ ಗೇಟು ಎದ್ದೇ ಇತ್ತು, ಅಡಿಯಿಂದ ನೀರು ಹುಲಿಯಂತೆ ಗರ್ಜಿಸುತ್ತ ನುಗ್ಗುತ್ತಿತ್ತು. ಮೊದಲು ಮುಚ್ಚಬೇಕೋ, ಮೊದಲು ಓಡಬೇಕೋ? ಮುಚ್ಚದೆ ಓಡಿದರೆ ನೀರು ನಿಲ್ಲದು. ಮುಚ್ಚಿ ಓಡಿದರೆ ಹೊತ್ತು ಮೀರುತ್ತದೆ. ಹೊರಗೆ ಬಂದು ಸರಪಳಿ ತಪ್ಪಿಸಿ ಚಕ್ರಕ್ಕೆ ಕೈ ಹಾಕಿದ. ಬಟ್ಟೆ ಇದ್ದ ಚಕ್ರವನ್ನು ಅವನು ಜೀವಮಾನದಲ್ಲಿ ಮೊದಲ ಬಾರಿಗೆ ತಿರುಗಿಸಿದ್ದು ಅಂದು. ಅಂಗೈಯಡಿ ನಮ್ಮ ಬಟ್ಟೆಗಳು ಹೊಸಕಿಹೋಗುತ್ತಿದ್ದವು. ಹಿಮ್ಮುಖವಾಗಿ ಒಂಬತ್ತು ಸುತ್ತು. ನಡುವೆ ಹೆಂಡತಿಯ ಫೋನಿಗೆ ಕರೆ ಹಚ್ಚಿ ಹೆಗಲು ಕಿವಿಗಳ ನಡುವೆ ಸಿಕ್ಕಿಸಿಕೊಂಡಿದ್ದ. ಅದು ದಂಡೆಯ ಮೇಲೆ ಊಟದ ಚೀಲದೊಳಗೆ ಬಡಿದುಕೊಳ್ಳುತ್ತಲೇ ಇತ್ತು.

ಗೇಟು ಕೂತಿತು. ಆದರೆ ಅಷ್ಟರಲ್ಲಿ ಬಿಟ್ಟಿದ್ದ ನೀರು ಹೊರಟುಹೋಗಿತ್ತು.

ಸೈಕಲ್ ಹತ್ತಿದ. ದಂಡೆಯ ಮೇಲೆ ಅವನು, ಕೆಳಗೆ ಕಾಲುವೆಯಲ್ಲಿ ನೀರಿನ ನಾಲಿಗೆ. ಕಂದು ಬಣ್ಣದ ನೀರು, ಮುಂದೆ ನೊರೆ, ನೊರೆಯ ಮೇಲೆ ಒಣ ಎಲೆ, ಯಾರದೋ ಹಳೆಯ ಚಪ್ಪಲಿ, ಬಿಲ ಬಿಟ್ಟು ಹೊರಟ ಒಂದು ಹಾವು. ನೀರು ಓಡುತ್ತಿರಲಿಲ್ಲ. ದಿನಾ ಓಡಾಡುವ ದಾರಿಯಲ್ಲಿ ಮನೆಗೆ ಹೋಗುವವನಂತೆ ಹೋಗುತ್ತಿತ್ತು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಎನ್ನುತ್ತಾನೆ. ಮುಳ್ಳಿನ ಪೊದೆ ಕಾಲು ಸೀಳಿದ್ದು ಗೊತ್ತಾಗಲಿಲ್ಲ. ಅರ್ಧ ದಾರಿಯಲ್ಲಿ ಅದರ ಸಮಕ್ಕೆ ಬಂದ, ಗವಿ ಕಾಣುವಾಗ ಇಪ್ಪತ್ತು ಮಾರು ಮುಂದಾದ.

ಒಳಗೆ ನಾವು ಏನೂ ಅರಿಯದವರು. ನಾನು ತಗ್ಗಿನ ಹತ್ತಿರ ಮಂಡಿಯೂರಿ ಬಿರುಕಿಗೆ ಸಿಮೆಂಟು ತುಂಬುತ್ತಿದ್ದೆ. ಅತ್ತಿಗೆ ಇನ್ನೂ ಆಳದಲ್ಲಿ, ನನ್ನ ಹಿಂದೆ, ಹೂಳು ಬಾಚುತ್ತಿದ್ದರು. ಮೊದಲು ಬಂದದ್ದು ನೀರಲ್ಲ, ಗಾಳಿ. ತಣ್ಣಗೆ, ಒದ್ದೆ ಧೂಳಿನ ವಾಸನೆ ಹೊತ್ತು ಮುಖಕ್ಕೆ ಬಡಿಯಿತು.

“ಯಾಕೋ ಕಿವಿ ಗವ್ ಅಂತಿದೆ” ಎಂದರು ಅತ್ತಿಗೆ.

ಆ ಕ್ಷಣಕ್ಕೇ ಮೇಲಿನ ಬಾಯಿಯ ಬೆಳಕು ಮುಚ್ಚಿಕೊಂಡಿತು. ಯಾರೋ ಇಳಿಜಾರಿನಲ್ಲಿ ಬೆನ್ನ ಮೇಲೆ ಜಾರಿಬರುತ್ತಿದ್ದರು. “ಆ ಕಡೆ ಹತ್ತಿ! ನೀರು! ಆ ಕಡೆ!” ಎಂಬ ಕೂಗು ಗೋಡೆಯಿಂದ ಗೋಡೆಗೆ ಹಾರಿ ನೂರಾಯಿತು.

ಗವಿಯಲ್ಲಿ ನೆಟ್ಟಗೆ ನಿಲ್ಲಲಾಗದು. ಬಾಗಿ ಓಡಿದೆವು. ನನ್ನ ಕೈಯಿಂದ ಕರಣೆ ಬಿತ್ತು, ಅದು ಕಲ್ಲಿಗೆ ತಾಗಿದ ಸದ್ದು ಇನ್ನೂ ಕಿವಿಯಲ್ಲಿದೆ. ಹಿಂದಿನಿಂದ ಬಂದ ನೀರು ಪಾದ ಹಿಡಿಯಿತು, ಆಮೇಲೆ ಮಂಡಿ. ದೀಪ ಮುಳುಗಿತು. ಕತ್ತಲಲ್ಲಿ ಯಾರ ಬೆನ್ನೋ ಯಾರ ಕೈಯೋ ತಿಳಿಯದು. ಏಣಿ ಮೊದಲು ಮೆಟ್ಟಿಲು ತಲುಪಿದ. ಅವನು ಹತ್ತಿಹೋಗಬಹುದಿತ್ತು. ಹೋಗಲಿಲ್ಲ. ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನಿಂತು, ಬಂದವರನ್ನೆಲ್ಲ ರಟ್ಟೆ ಹಿಡಿದು ಎತ್ತಿ ಮೆಟ್ಟಿಲಿಗೆ ಎಸೆದ. ಹೆಸರಿಗೆ ತಕ್ಕ ಏಣಿಯಾದ. ನಾನು ಮೇಲೆ ಹೋಗಿ ದಂಡೆ ತಬ್ಬಿಕೊಂಡು ಬಿದ್ದೆ.

ಎದ್ದು ನೋಡಿದರೆ ಅತ್ತಿಗೆ ಇಲ್ಲ.

ಗವಿಯೊಳಗಿಂದ ನೀರು ಗುಳುಗುಳು ಎನ್ನುತ್ತಿತ್ತು. ಏಣಿ ಕೆಳಗೇ ಎದೆಮಟ್ಟದ ನೀರಿನಲ್ಲಿ ನಿಂತು “ಅತ್ತೇ! ಅತ್ತೇ!” ಎಂದು ಅರಚುತ್ತಿದ್ದ. ಒಂದು ಜೀವಮಾನದಷ್ಟು ಹೊತ್ತು. ಆಮೇಲೆ ನೀಲಿ ತಲೆವಸ್ತ್ರ ಕಂಡಿತು, ಅದರ ಹಿಂದೆ ಅವರ ಸೊಂಟಕ್ಕೆ ಭುಜ ಕೊಟ್ಟು ನೂಕುತ್ತಿದ್ದ ಚಕ್ರದಣ್ಣ. ಎಂದೂ ಈಜದವನು ಮೂಗಿನವರೆಗಿನ ನೀರಿನಲ್ಲಿ ಹೆಂಡತಿಯನ್ನು ತಳ್ಳಿಕೊಂಡು ಬಂದಿದ್ದ. ಅತ್ತಿಗೆಯ ಪಾದ ಹೂಳಿನಲ್ಲಿ ಸಿಕ್ಕಿ ತಿರುಚಿಹೋಗಿತ್ತು.

ದಂಡೆಯ ಮೇಲೆ ಅವನು ಮಾಡಿದ ಮೊದಲ ಕೆಲಸ ಎಣಿಸಿದ್ದು. ಬೆರಳು ತೋರಿಸಿ ಒಬ್ಬೊಬ್ಬರನ್ನೇ. ಎರಡನೇ ಕೆಲಸ, ಯಾರೂ ಕೇಳದೆಯೇ ಹೇಳಿದ್ದು: “ಕೀಲಿ ತಿರುಗಿಸಿದ್ದು ನಾನೇ. ಚಕ್ರದ ಮೇಲೆ ಬಟ್ಟೆ ಇತ್ತು. ನೋಡಿಯೇ ತಿರುಗಿಸಿದೆ.”

ಅತ್ತಿಗೆ ಅವನನ್ನು ನೋಡಿದರು. ಆಮೇಲೆ ತಲೆವಸ್ತ್ರ ಹಿಂಡಿ, ನನ್ನ ಹೆಗಲ ಮೇಲೆ ಕೈಯಿಟ್ಟು, “ನಡಿ ತಮ್ಮ, ಮನೆಗೆ” ಎಂದರು. ಗಂಡನ ಹೆಗಲು ಪಕ್ಕದಲ್ಲೇ ಇತ್ತು.

ಮರುದಿನ ಆರು ಜನ ಹೋಗಿ ನಮ್ಮ ನಮ್ಮ ಬಟ್ಟೆ ಬಿಚ್ಚಿದೆವು. ಅತ್ತಿಗೆ ಬರಲಿಲ್ಲ. ಕಾಲು ನೋವೆಂದುಕೊಂಡೆವು. ಕಾಲು ವಾಸಿಯಾಯಿತು, ಬಟ್ಟೆ ಹಾಗೇ ಇತ್ತು.

ವಿಚಾರಣೆ ನಡೆಯಿತು. ಬೆಳಿಗ್ಗೆ ಆಫೀಸಿನಲ್ಲಿ ಯಾರೋ ಪಕ್ಕದ ಗೇಟಿಗೆ ಒತ್ತಬೇಕಾದ ಗುಂಡಿಯನ್ನು ನಮ್ಮದಕ್ಕೆ ಒತ್ತಿದ್ದರಂತೆ. ರೂಟರ್ ಮಲಗಿದ್ದರಿಂದ ಆಜ್ಞೆ ತಲುಪಲಿಲ್ಲ. ಹೋಗಲಿಲ್ಲವಲ್ಲ ಎಂದು ಮರೆತುಬಿಟ್ಟರು. ಅದು ದಾರಿಯಲ್ಲೇ ಕಾದು ಕೂತಿತ್ತು. ಪೆಟ್ಟಿಗೆ ಎದ್ದು ಕೀಲಿ ತಿರುಗಿದ ಕೂಡಲೇ ಒಳಗೆ ಬಂತು. ಎಂಜಿನಿಯರಮ್ಮ ಇದನ್ನೆಲ್ಲ ವಿವರಿಸುವಾಗ ಅವಳ ಕಣ್ಣು ಕೆಂಪಾಗಿತ್ತು. ಕಾದಿರುವ ಆಜ್ಞೆಗಳು ತಾವಾಗಿ ಅಳಿಯುವಂತೆ ಮಾಡಿದಳು. ಆ ಕೀಲಿ ಸ್ವಿಚ್ಚಿನ ಮೇಲೆ ಏಳು ತೂತಿನ ಒಂದು ಕಬ್ಬಿಣದ ತಗಡನ್ನು ತಾನೇ ನಿಂತು ಕೂರಿಸಿದಳು. ಇಳಿಯುವವರು ಒಬ್ಬೊಬ್ಬರೂ ತಮ್ಮ ಬೀಗ ಹಾಕಿ ಬೀಗದ ಕೈ ಜೇಬಿಗಿಟ್ಟುಕೊಂಡು ಇಳಿಯುವುದು. ಕೊನೆಯ ಬೀಗ ತೆಗೆಯುವವರೆಗೆ ಕೀಲಿ ತಿರುಗದು.

“ನಿಮ್ಮ ಬಟ್ಟೆಯದೇ ಬುದ್ಧಿ ಅಣ್ಣ ಇದು” ಎಂದಳು. “ಪೆಟ್ಟಿಗೆಗೆ ಅರ್ಥವಾಗೋ ಹಾಗೆ ಹೇಳಿದ್ದೀನಿ, ಅಷ್ಟೇ.”

“ನೀನು ಮೊದಲೇ ಕೀಲಿ ಕೊಟ್ಟಿದ್ದೆ ತಾಯಿ” ಎಂದ ಚಕ್ರದಣ್ಣ. “ಜೇಬಲ್ಲೇ ಇತ್ತು.”

ಕಾಲುವೆಗೆ ಮತ್ತೆ ನೀರು ಬಿಡುವ ದಿನ ಬಂತು. ಚಕ್ರದ ಮೇಲೆ ನೀಲಿ ಬಟ್ಟೆ. ಅವನು ಮನೆಗೆ ಬಂದು, ನಾನೂ ಇರುವಾಗಲೇ, “ಒಂದು ಸಲ ಬಂದು ಬಿಚ್ಚೇ” ಎಂದ.

ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು. “ನಾನು ಬಿಚ್ಚಲ್ಲ ರೀ. ಅದು ಸುತ್ತೋದನ್ನ ನೀವು ನೋಡ್ತಾ ಇರಿ.”

ನಾನು ನಡುವೆ ಬಾಯಿ ಹಾಕಿದೆ. “ಅತ್ತಿಗೆ, ಅಣ್ಣ ಜೀವ ಒತ್ತೆಯಿಟ್ಟು…”

“ಅವರು ಬಂದು ಎತ್ತಿದ್ದು ನನಗೂ ನೆನಪಿದೆ ತಮ್ಮ. ಬಟ್ಟೆ ನೋಡಿಯೂ ತಿರುಗಿಸಿದ್ದೂ ನೆನಪಿದೆ. ಒಂದನ್ನ ಮರೆತು ಇನ್ನೊಂದನ್ನ ಇಟ್ಟುಕೊಳ್ಳೋಕೆ ನನಗೆ ಬರಲ್ಲ.”

ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ಮನೆಯಲ್ಲಿ ಬೇರೆಲ್ಲ ಮಾತಿತ್ತು, ಊಟವಿತ್ತು, ನಗುವೂ ಇತ್ತು, ಬಟ್ಟೆಯ ಮಾತೊಂದಿರಲಿಲ್ಲ. ಗೇಟಿನಲ್ಲಿ ಅವನು ಸಣಕಲಾದ. ಆಫೀಸಿನಿಂದ ನೀರು ಬಿಡುತ್ತೇವೆಂದು ಫೋನು ಬಂದರೆ ಮೊದಲು ಕಾಲುವೆಯ ಉದ್ದಕ್ಕೂ ಗವಿಯವರೆಗೆ ನಡೆದು ಹೋಗುವನು. ಬಾಯಿಯಲ್ಲಿ ಬಾಗಿ ಮೂರು ಸಲ ಕೂಗುವನು. ಹಿಂದೆ ಬಂದು ಹೆಂಡತಿಗೆ ಫೋನು ಮಾಡಿ “ಎಲ್ಲಿದ್ದೀಯ?” ಎನ್ನುವನು. “ಒಲೆ ಮುಂದೆ” ಎಂದರೆ ಮಾತ್ರ ಕೀಲಿ ತಿರುಗಿಸುವನು. “ಯಜಮಾನರೇ, ಇವತ್ತಾದ್ರೂ ನೀರು ಬಿಡ್ತೀರಾ, ನಾಳೆ ಫೋನ್ ಮಾಡ್ಲಾ?” ಎಂದು ಆಫೀಸಿನವರು ಹಂಗಿಸುತ್ತಿದ್ದರು. ಆಮೇಲೆ ಚಕ್ರ ತಿರುಗುವುದು. ನೀಲಿ ಬಟ್ಟೆ ಮೇಲೆ ಹೋಗುವುದು, ಕೆಳಗೆ ಬರುವುದು. ಹೆಂಡತಿ ಮನೆಯಲ್ಲಿದ್ದಾಳೆ ಎಂದು ಕಿವಿಗೆ ಗೊತ್ತು, ಆದರೂ ಕಣ್ಣಿಗೆ ಒಬ್ಬರು ಕೆಳಗಿದ್ದಾರೆ. ಅವನು ಗೋಡೆ ಹಿಡಿದು ನಿಲ್ಲುತ್ತಿದ್ದ. ನಾನು ಎರಡು ಸಲ ಕಣ್ಣಾರೆ ಕಂಡಿದ್ದೇನೆ, ಅವನ ತುಟಿ ‘ಆರು’ ಎನ್ನುವಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ನಿವೃತ್ತಿಯ ದಿನ ಹೊಸಬನೊಬ್ಬ ಕಾಗದಪತ್ರ ಹಿಡಿದು ಬಂದ. ಚಕ್ರದಣ್ಣ ಸಹಿ ಹಾಕಿದ, ಹತಾರಗಳನ್ನು ಒಪ್ಪಿಸಿದ, ಕೀಲಿ ಮಾತ್ರ ಕೊಡಲಿಲ್ಲ.

“ಬಟ್ಟೆ ಇರೋ ಚಕ್ರ ಒಪ್ಪಿಸೋಕಾಗಲ್ಲಪ್ಪ.”

“ಅಷ್ಟೇ ತಾನೇ?” ಎಂದು ಹೊಸಬ ಜೇಬಿನಿಂದ ಚಾಕು ತೆಗೆದು ಚಕ್ರದತ್ತ ಹೋದ. ಚಕ್ರದಣ್ಣ ಅವನ ಮಣಿಕಟ್ಟು ಹಿಡಿದ ರಭಸಕ್ಕೆ ಚಾಕು ನೆಲಕ್ಕೆ ಬಿತ್ತು. ಮೆತ್ತಗಿನ ಮನುಷ್ಯನ ಮುಖ ಹಾಗಾದದ್ದನ್ನು ನಾನೆಂದೂ ಕಂಡಿರಲಿಲ್ಲ. ನಾನು ಮನೆಗೆ ಓಡಿದೆ.

ಅತ್ತಿಗೆಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಅವರು ಕತ್ತರಿಸೋಕೆ ಬಿಡಲಿಲ್ವಾ?”

“ಬಿಡಲಿಲ್ಲ.”

“ಹೊಸಬನ ಕೈಗೆ ಕೀಲಿ ಕೊಟ್ಟು ಸುಮ್ಮನೆ ಬರಬಹುದಿತ್ತಲ್ಲ.”

“ಬರಬಹುದಿತ್ತು.”

ತಲೆವಸ್ತ್ರ ಸುತ್ತಿಕೊಂಡು ಹೊರಟರು. ಹದಿನಾಲ್ಕು ತಿಂಗಳ ಮೇಲೆ ಕಾಲುವೆಯ ದಂಡೆ ಹತ್ತಿದರು.

ಚಕ್ರದಣ್ಣ ಅವರನ್ನು ನೋಡಿದ. ಕೋಣೆಗೆ ಹೋಗಿ ಕೀಲಿ ‘ಇಲ್ಲಿ’ಗೆ ತಿರುಗಿಸಿದ, ತಗಡಿಗೆ ತನ್ನ ಬೀಗ ಹಾಕಿದ, ಬ್ರೇಕರ್ ಇಳಿಸಿದ. ಪೆ‌ಟ್ಟಿಗೆಯ ದೀಪಗಳು ಆರಿದವು. ಅಷ್ಟು ಸಾಲದೆಂದು ಹೊರಗೆ ಬಂದು ಚಕ್ರವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದು ಕೂತ. ಅವನ ಮುಖ ಬೆವರಿನಿಂದ ತೊಯ್ದಿತ್ತು.

“ಮದುವೆ ದಿನ ನನ್ನ ಕೈಯನ್ನೂ ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ” ಎಂದರು ಅತ್ತಿಗೆ.

“ಅವತ್ತು ಭಯ ಇರಲಿಲ್ಲ ಕಣೇ.”

“ನನಗಿತ್ತು.”

ಗಂಟು ಬಿಸಿಲಿಗೂ ಗ್ರೀಸಿಗೂ ಕಲ್ಲಾಗಿತ್ತು. ಒಂದಲ್ಲ, ಎರಡು ಗಂಟು. ಉಗುರಿಗೆ ಬಗ್ಗಲಿಲ್ಲ. ಹೇರ್‌ಪಿನ್ ತೂರಿಸಿ ಮೀಟಿದರು, ಹಲ್ಲಿನಿಂದ ಕಚ್ಚಿ ಎಳೆದರು. ಹೊಸಬ ಚಾಕು ನೀಡಲು ಹೋದ, ಅತ್ತಿಗೆ ನೋಡಿದ ನೋಟಕ್ಕೆ ಕೈ ಹಿಂದೆ ತೆಗೆದ. ಅಷ್ಟು ಹೊತ್ತೂ ಚಕ್ರದಣ್ಣ ಕಣ್ಣು ಮಿಟುಕಿಸದೆ ಚಕ್ರದ ಕಡ್ಡಿಗಳನ್ನೇ ನೋಡುತ್ತಿದ್ದ, ಒಂದು ಕೂದಲಷ್ಟು ಅಲುಗಿದರೂ ತನ್ನ ಮೈಯನ್ನೇ ಅಡ್ಡ ಕೊಡುವವನಂತೆ.

ಬಟ್ಟೆ ಕಳಚಿತು. ನೀಲಿ ಎಂದು ಹೇಳುವಂತಿರಲಿಲ್ಲ, ಮಣ್ಣಿನ ಬಣ್ಣವಾಗಿತ್ತು. ಅತ್ತಿಗೆ ಅದನ್ನು ಅವನ ಅಂಗೈಯಲ್ಲಿಟ್ಟರು.

“ಏಳು” ಎಂದ ಅವನು.

ಬೀಗ ತೆಗೆದು, ಕೀಲಿಯನ್ನು ಹೊಸಬನ ಕೈಗಿಟ್ಟು ಹೊರಟ. ನಾವು ಮೂವರೂ ದಂಡೆಯ ಮೇಲೆ ನಡೆದೆವು. ಹತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಕೋಣೆಯಲ್ಲಿ ಬ್ರೇಕರ್ ಏರಿಸಿದ ಸದ್ದು ಕೇಳಿತು. ಚಕ್ರದಣ್ಣ ನಿಂತುಬಿಟ್ಟ. ತಿರುಗಿ ಒಣಗಿದ ಕಾಲುವೆಯ ಉದ್ದಕ್ಕೂ, ಗವಿಯ ಕಪ್ಪು ಬಾಯಿಯವರೆಗೂ ನೋಡಿದ.

“ಕೆಳಗೆ ಯಾರೂ ಇಲ್ಲ ತಾನೇ?”

ಅತ್ತಿಗೆ ಅವನ ತೋಳು ಹಿಡಿದರು. “ನಾನು ಇಲ್ಲೇ ಇದ್ದೀನಿ ರೀ. ನಡೀರಿ.”

ಅವನು ನಡೆದ. ಆದರೆ ತಿರುವು ಬರುವವರೆಗೂ ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತಲೇ ಇದ್ದ.